ಗುಲಾಬಿ ಮತ್ತು ಇತರರು

ಕಳೆದ ಭಾನುವಾರ ನನ್ನ ಕಪಾಟಿನಲ್ಲಿದ್ದ ಹೈಕೋರ್ಟ್ ಆದೇಶ ಮಾಯವಾಗಿತ್ತು.

ಕಾಗದ ಇತ್ತು. ಅದನ್ನು ಹಾಕಿಟ್ಟ ಪ್ಲಾಸ್ಟಿಕ್ ಫೈಲ್ ಇತ್ತು. ಫೈಲಿನ ಮೇಲೆ ನನ್ನದೇ ಕೈಬರಹದಲ್ಲಿ ‘ಬಹಳ ಮುಖ್ಯ’ ಎಂದು ಬರೆದದ್ದೂ ಇತ್ತು. ಅಕ್ಷರಗಳು ಮಾತ್ರ ಇರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕನ್ನಡಕ ಒರೆಸಿಕೊಂಡು ನೋಡಿದೆ. ಮೂಲೆಯಲ್ಲಿ ಒಂದು ಬೂದು ಗೆರೆ. ಅಷ್ಟೇ.

ಹನ್ನೆರಡು ವರ್ಷ ಹಳೆಯ ಫ್ಯಾಕ್ಸ್ ಅದು. ಆ ಕಾಲದ ಫ್ಯಾಕ್ಸ್ ಕಾಗದ ನೆನಪಿದೆಯಲ್ಲ? ನುಣ್ಣಗೆ, ಸುರುಳಿ ಸುತ್ತಿಕೊಳ್ಳುವ ಜಾತಿ. ಅದರ ಅಕ್ಷರ ತಾನಾಗಿಯೇ ಮಾಸುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. (ಹೇಳಿದ್ದರೂ ಇರಬಹುದು. ನನ್ನ ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ಅದಕ್ಕೇ ಡೈರಿ ಬರೆಯುವುದು.)

ಅಂದು ಬೆಳಿಗ್ಗೆ ಗುಲಾಬಕ್ಕನ ಫೋನ್ ಬಂದಿತ್ತು.

“ಹ್ವಾಯ್ ಮಾಷ್ಟ್ರೇ, ಆ ಕಾಗ್ದ ಇನ್ನೂ ಇಟ್ಕಂಡಿದ್ರ್ಯಾ? ಮತ್ತೆ ನೋಟೀಸ್ ಬಂತ್ ಕಾಣಿ. ಸ್ವಲ್ಪ ಹುಡ್ಕಿ ತಕಂಡ್ ಬನ್ನಿ.”

“ಅದೆಲ್ಲಿ ಹೋಗುತ್ತೆ ಗುಲಾಬಕ್ಕ, ಭದ್ರವಾಗಿದೆ” ಎಂದಿದ್ದೆ. ಎಷ್ಟು ಧೈರ್ಯ!

ಗುಲಾಬಕ್ಕ ನಮ್ಮೂರ ಮೀನು ಮಾರುಕಟ್ಟೆಯವರು. ನಮ್ಮೂರು ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಹೈವೇ ಪಕ್ಕದಲ್ಲಿದೆ. (ಹೆಸರು ಬೇಡ. ಈಗಿನ ಪಂಚಾಯ್ತಿಯವರ ಜತೆ ನನಗೆ ಜಗಳವಿಲ್ಲ.) ಮಾರುಕಟ್ಟೆ ಎಂದರೆ ದೊಡ್ಡದೇನಲ್ಲ. ಆರು ಕಂಬ, ಮೇಲೆ ತಗಡು, ಕೆಳಗೆ ಎರಡು ಸಾಲು ಕೆಂಪುಕಲ್ಲು. ಒಂದೊಂದು ಕಲ್ಲು ಒಬ್ಬೊಬ್ಬರದು. ಕಲ್ಲಿನ ಮೇಲೆ ಹೆಸರಿಲ್ಲ, ನಂಬರಿಲ್ಲ. ಅತ್ತೆ ಕೂತ ಕಲ್ಲಿನ ಮೇಲೆ ಸೊಸೆ ಕೂರುತ್ತಾಳೆ. ಒಬ್ಬರು ಬಾರದಿದ್ದರೆ ಇನ್ನೊಬ್ಬರು ಅದರ ಮೇಲೆ ಕೂರುವಂತಿಲ್ಲ. ಅಷ್ಟೇ ಅಲ್ಲ, ಸಂಜೆ ಎಲ್ಲರೂ ನೀರು ಹೊಯ್ದು ಮಾರುಕಟ್ಟೆ ತೊಳೆಯುವಾಗ ಬಾರದವಳ ಕಲ್ಲನ್ನೂ ಪಕ್ಕದವಳು ತೊಳೆದಿಡಬೇಕು. ಯಾರು ಮಾಡಿದ ಕಾನೂನು? ಗೊತ್ತಿಲ್ಲ. ಮುರಿದವರಂತೂ ಇಲ್ಲ.

ಆ ಫ್ಯಾಕ್ಸ್ ಬಂದ ಕಾಲಕ್ಕೆ ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ರಿಟ್ ಪಾಠ. ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಪ್ರೊಹಿಬಿಷನ್, ಸರ್ಷಿಯೊರಾರಿ, ಕೋ ವಾರಂಟೊ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಸಂವಿಧಾನದ ಮೂವತ್ತೆರಡನೇ ವಿಧಿಯಲ್ಲಿ ಸುಪ್ರೀಂ ಕೋರ್ಟು, ಇನ್ನೂರ ಇಪ್ಪತ್ತಾರನೇ ವಿಧಿಯಲ್ಲಿ ಹೈಕೋರ್ಟು. ಹತ್ತು ಅಂಕದ ಪ್ರಶ್ನೆ, ಖಂಡಿತಾ ಬರುತ್ತದೆ. ನಾನು ಹದಿನಾರು ವರ್ಷ ಪಾಠ ಮಾಡಿದ್ದೆ. ಒಂದೇ ಒಂದು ರಿಟ್ಟನ್ನು ಕಣ್ಣಾರೆ ಕಂಡಿರಲಿಲ್ಲ. ಈಜು ಬಾರದವನು ಈಜು ಕಲಿಸಿದ ಹಾಗೆ.

ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ ಮೀನಿಗೆ ಹೋದೆ. ಬಂಗುಡೆ ರೇಟು ಕೇಳಿದೆ. ಗುಲಾಬಕ್ಕ ಹೇಳಿದರು. ನಾನು ಎಂದಿನಂತೆ ಅರ್ಧಕ್ಕೆ ಕೇಳಿದೆ.

“ತಕಂಡ್ ಹೋಯ್ನಿ” ಎಂದರು.

ಗುಲಾಬಕ್ಕ ಚೌಕಾಶಿ ಮಾಡದೆ ಮೀನು ಕೊಡುವುದೇ? ಬೇರೆ ದಿನವಾಗಿದ್ದರೆ “ಮಾಷ್ಟ್ರೇ, ಅಷ್ಟಕ್ಕೆ ಬಂಗ್ಡೆ ಚಿತ್ರ ಬರ್ಸ್ಕಂಡ್ ಗೋಡೆಗ್ ಹಚ್ಚಿ” ಅನ್ನುತ್ತಿದ್ದ ಬಾಯಿ ಅದು.

“ಎಂತ ಆಯ್ತು?”

“ಎಂತ ಆಪ್ದ್? ಗುರುವಾರ ಮೂರ್ ಗಂಟಿಗೆ ಪಂಚಾಯ್ತಿಯವ್ರ್ ಎಲ್ಲ ಕಿತ್ತ್ ಹಾಕ್ತ್ರಂಬ್ರ್. ಇಲ್ಲ್ ಕಾಂಪ್ಲೆಕ್ಸ್ ಕಟ್ತ್ರಂಬ್ರ್. ನಮ್ಗೆ ಆಚೆ ಗದ್ದೆ ಬದಿ ಜಾಗ ಇತ್ತಂಬ್ರ್. ಅಲ್ಲಿಗೆ ಯಾರ್ ಬತ್ರ್ ಮೀನಿಗೆ, ಕೊಕ್ಕರ‍್ಯಾ?”

ಮಾತು ತಮಾಷೆಯದು, ಮುಖ ತಮಾಷೆಯದಲ್ಲ. ವಂಡ್ಸೆ ಕಡೆಯ ಬಸ್ಸಿಳಿದವರು ಮನೆಗೆ ಹೋಗುವ ಮೊದಲು ಕಾಲಿಡುವ ಜಾಗ ಇದು. ಇಲ್ಲಿಂದ ಒಂದು ಮೈಲಿ ಆಚೆ ಹಾಕಿದರೆ ಇಪ್ಪತ್ತೆರಡು ಹೆಂಗಸರ ಒಲೆ ಆರುತ್ತದೆ.

“ನೋಟಿಸ್ ಕೊಡಲಿಲ್ಲವೇ?”

“ಕೊಟ್ಟಿದ್ರಂಬ್ರ್.” ಗುಲಾಬಕ್ಕ ದನಿ ತಗ್ಗಿಸಿದರು. “ಆ ಕಂಬಕ್ ಅಂಟ್ಸಿದ್ರಂಬ್ರ್. ಎಂತದೋ ಬಿಳಿ ಕಾಗ್ದ ಕಂಡಿದ್ದೆ ಮಾರಾಯ್ರೆ. ಸಿನ್ಮದ್ದ್ ಅಂದ್ಕಂಡ್ ತಿಕ್ಕಿ ತೊಳ್ದೆ. ಎಷ್ಟ್ ಅಂಟ್ ಹಾಕಿದ್ರ್ ಅಂಬ್ರಿ! ಎರ್ಡ್ ದಿನ ತಿಕ್ಕಿದೆ.”

ತಮ್ಮನ್ನು ಎಬ್ಬಿಸುವ ನೋಟಿಸನ್ನು ತೆಂಗಿನ ನಾರು ಹಾಕಿ ತಾವೇ ತೊಳೆದು ಹಾಕಿದ್ದರು! ಮೀನು ಮಾರುವವರು ಮಾತ್ರ ಮಾಡಬಹುದಾದ ತಪ್ಪು. ಅಥವಾ ಮೀನು ಮಾರುಕಟ್ಟೆಯ ಕಂಬಕ್ಕೆ ಕಾಗದ ಅಂಟಿಸಿದವರ ತಪ್ಪೇ?

ಬಂಗುಡೆ ಚೀಲ ಹಿಡಿದುಕೊಂಡೇ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿಗೆ ಫೋನ್ ಮಾಡಿದೆ. ಸುಜಾತಾಗೆ. ಬಾರ್ಕೂರಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಹೈಕೋರ್ಟಿನಲ್ಲಿ ವಕೀಲೆ. (ರಿಟ್ ಪ್ರಶ್ನೆಗೆ ನಾನು ಅವಳಿಗೆ ಹತ್ತರಲ್ಲಿ ನಾಲ್ಕು ಕೊಟ್ಟಿದ್ದೆ. ಅವಳು ಮರೆತಿಲ್ಲ.)

ಎಲ್ಲ ಹೇಳಿದೆ. ನೋಟಿಸ್ ತೊಳೆದದ್ದನ್ನು ಮಾತ್ರ ಮೆಲ್ಲಗೆ ಹೇಳಿದೆ. “ಆ ವಿಷಯ ಅರ್ಜಿಯಲ್ಲಿ ಬರುವುದು ಬೇಡ ಸುಜಾತಾ. ಸರ್ಕಾರಿ ಕಾಗದ ನಾಶ ಮಾಡಿದರು ಅಂತ ಉಲ್ಟಾ ಹೊಡೆದೀತು.”

ಆ ಕಡೆ ನಗು.

“ಸರ್, ಅದನ್ನೇ ಮೊದ್ಲ್ ಬರೀಕ್! ದಿನಾ ನೀರ್ ಹೊಯ್ದ್ ತೊಳೂ ಕಂಬಕ್ಕೆ ಅಂಟ್ಸಿದ್ದ್ ನೋಟಿಸಾ ಸರ್? ಅವ್ರ ಮಾತ್ ಒಂದ್ಸಲ ಆದ್ರೂ ಕೇಳಿದ್ರಾ? ಅದೇ ನಮ್ಮ ಕೇಸ್.”

ಹತ್ತರಲ್ಲಿ ನಾಲ್ಕು ಕೊಟ್ಟ ಕೈಯಿಂದಲೇ ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ.

ಮುಂದಿನ ಮೂರು ದಿನ ನಾನು ಮೇಷ್ಟ್ರಾಗಿರಲಿಲ್ಲ, ಪೋಸ್ಟ್‌ಮ್ಯಾನ್ ಆಗಿದ್ದೆ. ಇಪ್ಪತ್ತೆರಡು ಹೆಸರು, ಇಪ್ಪತ್ತೆರಡು ಕಲ್ಲು, ಯಾರ ಕಲ್ಲಿನಲ್ಲಿ ಯಾರ ಅತ್ತೆ ಕೂತಿದ್ದರು, ಎಲ್ಲ ಪಟ್ಟಿ ಮಾಡಿದೆ. ಅರ್ಜಿಯ ಕರಡು ಫ್ಯಾಕ್ಸಿನಲ್ಲಿ ಬಂತು. ಕುಂದಾಪುರದಲ್ಲಿ ನೋಟರಿಯ ಮುಂದೆ ಗುಲಾಬಕ್ಕನ ಸಹಿ ಆಯಿತು. ಲಕೋಟೆ ಬೆಂಗಳೂರಿನ ಬಸ್ಸು ಹತ್ತಿತು.

ಸಹಿ ಹಾಕುವ ಮೊದಲು ಗುಲಾಬಕ್ಕ ಮೊದಲ ಪುಟ ಓದಿಸಿಕೊಂಡರು. ನಾನು ಓದಿದೆ. ಒಂದು ಕಡೆ ‘ಗುಲಾಬಿ ಮತ್ತು ಇತರರು’. ಇನ್ನೊಂದು ಕಡೆ ‘ಕರ್ನಾಟಕ ರಾಜ್ಯ ಮತ್ತು ಇತರರು’.

“ಅವ್ರಿಗೂ ಇತರರು, ನಮ್ಗೂ ಇತರರ‍್ಯಾ?”

“ಹೌದು.”

“ಹಂಗಾರೆ ಸಮಾ ಆಯ್ತಲ್ಲೆ!”

ಹದಿನಾರು ವರ್ಷ ಪಾಠ ಮಾಡಿ ನನಗೆ ಹೊಳೆಯದ ಮಾತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಒರೆಸಿ ಬರೆದು ಒರೆಸಿ ಸವೆಸಿದ್ದೆ. ಈಗ ಒಂದೇ ಪುಟದ ಮೇಲೆ, ಒಂದೇ ಗಾತ್ರದ ಅಕ್ಷರದಲ್ಲಿ ಮೀನು ಮಾರುವ ಹೆಂಗಸು ಮತ್ತು ರಾಜ್ಯ ಎದುರುಬದುರು ನಿಂತದ್ದನ್ನು ನೋಡಿದಾಗ ರೋಮಾಂಚನವಾಯಿತು. ಸುಳ್ಳಲ್ಲ. ಡೈರಿಯಲ್ಲೂ ‘ರೋಮಾಂಚನ’ ಅಂತಲೇ ಇದೆ, ಅಡಿಗೆರೆ ಸಮೇತ.

“ಮೂಲಭೂತ ಹಕ್ಕ್ ಅಂತ ಬರ್ದಿರಲ್ಲೆ, ಅದ್ ಎಂತ?” ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದರು.

ನಾನು ಶುರು ಮಾಡಿದೆ. ಇಷ್ಟದ ಉದ್ಯೋಗ ಮಾಡುವ ಹಕ್ಕು, ಬದುಕುವ ಹಕ್ಕು, ಬದುಕು ಎಂದಮೇಲೆ ಬದುಕಿನ ದಾರಿಯೂ ಬಂತು. ಸರ್ಕಾರ ಅದಕ್ಕೆ ಕಟ್ಟುಪಾಡು ಹಾಕಬಹುದು, ಆದರೆ ಸರಿಯಾದ ಕಾರಣ ಬೇಕು, ಸರಿಯಾದ ಕ್ರಮ ಬೇಕು. ಮುರಿದರೆ ಹೈಕೋರ್ಟು ಅಧಿಕಾರಿಯ ಕಾಗದ ತರಿಸಿಕೊಂಡು ನೋಡಿ ರದ್ದು ಮಾಡಬಹುದು, ಅದು ಸರ್ಷಿಯೊರಾರಿ. ‘ನಿನ್ನ ಕರ್ತವ್ಯ ಮಾಡು’ ಎಂದು ಅಪ್ಪಣೆ ಕೊಡಬಹುದು, ಅದು ಮ್ಯಾಂಡಮಸ್...

“ಸಾಕ್ ಸಾಕ್. ಒಂದ್ ದಿನ ನಾನ್ ಬಾರ್ದಿದ್ರೂ ನನ್ನ ಕಲ್ಲ್ ನಂದೇ. ಹಂಗೆ ಅಲ್ದಾ?”

ಹಾಗೆಯೇ ಅಲ್ಲವೇ? ನಾವು ಕಾವಲು ಕಾಯದಿದ್ದರೂ ನಮ್ಮದಾಗಿಯೇ ಉಳಿಯುವುದು. ಪಕ್ಕದಲ್ಲಿ ಯಾರೋ ತೊಳೆದಿಡುವುದು.

“ಡೆಲ್ಲಿಗ್ ಹೋಯ್ಕಾ?”

“ಬೇಡ. ಬೆಂಗಳೂರು ಸಾಕು. ಡೆಲ್ಲಿಗೂ ನೇರ ಹೋಗಬಹುದು, ಆ ಹಕ್ಕೂ ಇದೆ. ಆದರೆ ಹತ್ತಿರದ ಬಾಗಿಲು ಮೊದಲು ತಟ್ಟುವುದು ಒಳ್ಳೆಯದು.”

“ಹತ್ರ ಅಂಬ್ರ್ಯಲ್ಲೆ! ನಾನ್ ಶಿರೂರ್ ದಾಟಿದ್ದಿಲ್ಲೆ.”

ಗುರುವಾರ ಬಂತು. ನಾನು ರಜೆ ಹಾಕಿ ಹತ್ತು ಗಂಟೆಗೇ ಕುಂದಾಪುರದ ಎಸ್‌ಟಿಡಿ ಬೂತಿನಲ್ಲಿ ಕೂತೆ. ಬೂತಿನ ಶೇಷಣ್ಣ ಫ್ಯಾಕ್ಸ್ ಮಿಷನ್ನಿಗೆ ಹೊಸ ಸುರುಳಿ ಹಾಕಿ ಅದರ ಮುಂದೆ ಕೈಕಟ್ಟಿ ನಿಂತರು. ಹೆರಿಗೆ ವಾರ್ಡಿನ ಹೊರಗೆ ನಿಂತ ಹಾಗೆ. ಹನ್ನೊಂದಾಯಿತು. ಹನ್ನೆರಡಾಯಿತು. ಯಾರೋ ಬಂದು ಫ್ಯಾಕ್ಸ್ ಮಾಡಬೇಕೆಂದರು. “ಮಿಷನ್ ಹಾಳಾಯ್ತ್” ಎಂದು ಶೇಷಣ್ಣ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು.

ಒಂದೂವರೆಗೆ ಫೋನ್.

“ಸರ್, ಸ್ಟೇ ಸಿಕ್ತ್!”

ಸುಜಾತಾ ಕಿರುಚುತ್ತಿದ್ದಳು. ನಾನೂ ಕಿರುಚಿದೆ. ಶೇಷಣ್ಣ ಯಾಕೆಂದು ಗೊತ್ತಿಲ್ಲದೆಯೇ ಕಿರುಚಿದರು. ನ್ಯಾಯಾಧೀಶರು ಪಂಚಾಯ್ತಿ ಕಡೆಯ ವಕೀಲರನ್ನು ಕೇಳಿದರಂತೆ: “ಮೀನು ಮಾರುಕಟ್ಟೆಯನ್ನು ದಿನಾ ತೊಳೆಯುವುದಿಲ್ಲವೇ?” “ತೊಳೆಯುತ್ತಾರೆ ಸ್ವಾಮಿ.” “ಹಾಗಾದರೆ ನಿಮ್ಮ ನೋಟಿಸು ಎಷ್ಟು ದಿನ ಇತ್ತು?” ವಕೀಲರು ಫೈಲು ತಿರುವಿಹಾಕತೊಡಗಿದರಂತೆ. (ಇದು ಸುಜಾತಾ ಹೇಳಿದ್ದು. ನಾನು ಕೇಳಿದ್ದಲ್ಲ. ಸಂತೋಷದಲ್ಲಿದ್ದವರು ಮಾತನ್ನು ಸ್ವಲ್ಪ ಪಾಲಿಶ್ ಮಾಡುತ್ತಾರೆ.)

ಆದೇಶದ ಪ್ರತಿ ಸಿಗಲು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ? ಇಂಥ ತಡೆಯಾಜ್ಞೆ ಆಗಿದೆ ಎಂದು ಸುಜಾತಾ ತನ್ನ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿ ಕಳಿಸಿದಳು. ಎರಡೂವರೆ ಹೊತ್ತಿಗೆ ಮಿಷನ್ ಕೊರಕೊರ ಎಂದಿತು. ಒಂದೊಂದೇ ಸಾಲು ಇಳಿಯಿತು. ಕಪಾಟಿನಲ್ಲಿ ನಾನು ಹನ್ನೆರಡು ವರ್ಷ ‘ಹೈಕೋರ್ಟ್ ಆದೇಶ’ ಎಂದು ಇಟ್ಟುಕೊಂಡದ್ದು ಇದನ್ನೇ. ನಿಜಕ್ಕೂ ಅದು ವಕೀಲೆಯ ಪತ್ರ. ಆದರೆ ವಿಷಯ ತಿಳಿದ ಮೇಲೂ ಕಿತ್ತು ಹಾಕಿದರೆ ನ್ಯಾಯಾಂಗ ನಿಂದನೆಗೆ ಉತ್ತರ ಹೇಳಬೇಕಾಗುತ್ತದೆ. ಅಷ್ಟು ತೂಕ ಆ ಪತ್ರಕ್ಕಿತ್ತು.

ಸ್ಕೂಟರ್ ಹತ್ತಿದೆ.

ಇನ್ನು ಮುಂದಿನದು ಎಚ್ಚರಿಕೆಯಿಂದ ಬರೆಯಬೇಕು.

ನನಗೆ ನೆನಪಿರುವುದು ಹೀಗೆ: ಮೂರಕ್ಕೆ ಐದು ನಿಮಿಷ. ಜೆಸಿಬಿಯ ತೋಳು ಮೇಲೆತ್ತಿದೆ. ನಾನು ಸ್ಕೂಟರನ್ನು ಅದರ ಮುಂದೆಯೇ ನಿಲ್ಲಿಸಿ ಕಾಗದ ಬೀಸುತ್ತಾ “ನಿಲ್ಲಿಸಿ!” ಎಂದು ಕೂಗುತ್ತೇನೆ. ಇಂಜಿನ್ ನಿಲ್ಲುತ್ತದೆ. ಹೆಂಗಸರು ಚಪ್ಪಾಳೆ ತಟ್ಟುತ್ತಾರೆ. ಎಷ್ಟು ವರ್ಷ ಕ್ಲಾಸಿನಲ್ಲಿ ಈ ಕಥೆ ಹೇಳಿದೆ! ರಿಟ್ ಪಾಠದ ಕೊನೆಗೆ ತಪ್ಪದೆ ಹೇಳಿದೆ. ಮಕ್ಕಳೂ ಚಪ್ಪಾಳೆ ತಟ್ಟುತ್ತಿದ್ದರು.

ಕಳೆದ ಭಾನುವಾರ, ಖಾಲಿ ಕಾಗದ ಕೈಯಲ್ಲಿ ಹಿಡಿದು, ಬೇರೇನೂ ತೋಚದೆ ಆ ವರ್ಷದ ಡೈರಿ ತೆಗೆದೆ. ಅದರಲ್ಲಿ ಹೀಗಿದೆ: ‘ಹೆಮ್ಮಾಡಿ ದಾಟಿದ ಮೇಲೆ ಪಂಕ್ಚರ್. ಸ್ಕೂಟರ್ ಬಿಟ್ಟು ಬಸ್ ಹಿಡಿದೆ. ತಲುಪಿದಾಗ 3.20. ಜೆಸಿಬಿ ಆಗಲೇ ನಿಂತಿತ್ತು. ಡ್ರೈವರ್ ಚಹಾ ಕುಡಿಯುತ್ತಿದ್ದ.’

ಅಯ್ಯೋ!

ನಾನು ಎಂದೂ “ನಿಲ್ಲಿಸಿ” ಎಂದು ಕೂಗಲೇ ಇಲ್ಲವೇ? ಚಪ್ಪಾಳೆ ಎಲ್ಲಿಂದ ಬಂತು? ನಾನೇ ತಟ್ಟಿಕೊಂಡೆನೇ? ಅದಿರಲಿ. ಮೂರು ಗಂಟೆಗೆ ಬಂದ ಜೆಸಿಬಿ, ಮೂರೂ ಇಪ್ಪತ್ತರವರೆಗೆ ಒಂದು ಕಲ್ಲನ್ನೂ ಅಲುಗಿಸದೆ ನಿಂತದ್ದು ಹೇಗೆ?

ಖಾಲಿ ಕಾಗದವನ್ನು ಫೈಲಿನಲ್ಲಿಟ್ಟುಕೊಂಡು ಮಾರುಕಟ್ಟೆಗೆ ನಡೆದೆ. ದಾರಿಯುದ್ದಕ್ಕೂ ಏನು ಹೇಳಲಿ ಎಂಬ ಚಿಂತೆ. ಪರೀಕ್ಷೆಗೆ ಹಾಲ್ ಟಿಕೆಟ್ ಮರೆತು ಹೊರಟವನ ಗತಿ.

ಗುಲಾಬಕ್ಕ ಈಗ ಕಲ್ಲಿನ ಮೇಲೆ ಕೂರುವುದಿಲ್ಲ. ಕಲ್ಲಿನ ಮೇಲೆ ಸೊಸೆ ಯಶೋದಾ. ಗುಲಾಬಕ್ಕ ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಿರಾಕಿಗಳ ಬಾಯಿ ಮುಚ್ಚಿಸುವ ಕೆಲಸ ನೋಡಿಕೊಳ್ಳುತ್ತಾರೆ. ನಾನು ಫೈಲ್ ಬಿಚ್ಚಿ ತೋರಿಸಿದೆ.

“ಇದೆಂತ, ಬಿಳಿ?”

“ಅಕ್ಷರ ಮಾಸಿ ಹೋಗಿದೆ ಗುಲಾಬಕ್ಕ.”

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಆಮೇಲೆ ನಗು. ಎಂಥ ನಗು! ಮೀನು ಕತ್ತರಿಸುತ್ತಿದ್ದವರೂ ಕತ್ತಿ ಬದಿಗಿಟ್ಟು ನೋಡಿದರು.

“ನಾನ್ ನೋಟೀಸ್ ತೊಳ್ದೆ ಅಂದ್ಕಂಡ್ ನೀವ್ ಆದೇಶವೇ ತೊಳ್ದ್ ಬಂದ್ರ್ಯಾ ಮಾಷ್ಟ್ರೇ?”

ಬಡ್ಡಿ ಸಮೇತ ಬಂತು. ತಲೆ ತಗ್ಗಿಸಿ ಕೇಳಿದೆ: “ಅದಿರಲಿ. ಆ ದಿನ ನಾನು ಬರುವ ಮೊದಲೇ ಜೆಸಿಬಿ ನಿಂತಿತ್ತಲ್ಲ, ಯಾರು ನಿಲ್ಲಿಸಿದ್ದು?”

“ನಾನೇ. ಮತ್ಯಾರ್? ಪಂಚಾಯ್ತಿ ಸೆಕ್ರೆಟ್ರಿ ಏಳಿ ಅಂದ್ರ್. ನಾನ್ ಕಲ್ಲ್ ಬಿಟ್ಟ್ ಏಳ್ಲಿಲ್ಲೆ. ನಮ್ಮ್ ಮಾಷ್ಟ್ರ್ ಹೈಕೋರ್ಟ್ ಕಾಗ್ದ ತರುಕ್ ಹೋಯಿರ್, ದಾರಿಯಂಗಿತ್ತ್, ಈಗ್ ಬತ್ತ್ ಅಂದೆ. ಜೆಸಿಬಿಯವ ಕೆರಾಡಿ ಬದಿಯವ. ಹೈಕೋರ್ಟ್ ಅಂದದ್ದೇ ಕೀ ತಿರ್ಗ್ಸಿ ಇಳ್ದ. ‘ನಂಗ್ ಕೋರ್ಟ್ ಉಸಾಬರಿ ಬ್ಯಾಡ ಮಾರಾಯ್ರೆ, ಕಾಗ್ದ ಬರ್ಲಿ ಕಾಂಬ’ ಅಂದ.”

“ಸ್ಟೇ ಸಿಕ್ಕಿದ್ದು ನಿಮಗೆ ಹೇಗೆ ಗೊತ್ತಾಯಿತು? ಆಗ ನಿಮ್ಮ ಹತ್ತಿರ ಫೋನ್ ಇರಲಿಲ್ಲವಲ್ಲ.”

“ಎಲ್ಲ್ ಗೊತ್ತಿತ್ತ್? ಸುಳ್ಳೇ ಹೇಳ್ದೆ!”

ನಾನು ಅಲ್ಲೇ ಕಂಬಕ್ಕೆ ಒರಗಿದೆ.

ನೋಡಿ. ಕಾಗದ ಬರುವ ಮೊದಲೇ ಕಾಗದ ಕೆಲಸ ಮಾಡಿತ್ತು! ಹೆಮ್ಮಾಡಿಯಲ್ಲಿ ನಾನು ಪಂಕ್ಚರ್ ಚಕ್ರ ನೋಡುತ್ತಾ ನಿಂತಿದ್ದಾಗ, ಇಲ್ಲಿ ಒಬ್ಬ ಹೆಂಗಸು ಕಲ್ಲಿನ ಮೇಲೆ ಗಟ್ಟಿಯಾಗಿ ಕೂತು ‘ಹೈಕೋರ್ಟು’ ಎಂಬ ಒಂದು ಮಾತಿನಿಂದ ಯಂತ್ರ ನಿಲ್ಲಿಸಿದ್ದರು. ಅದು ಸುಳ್ಳೂ ಅಲ್ಲ, ಸ್ಟೇ ಒಂದೂವರೆಗೇ ಆಗಿತ್ತು. ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಹಾಗಾದರೆ ಕಾಗದದ ಪಾಲೆಷ್ಟು? ನಾನು ಸುಮ್ಮನಿರಲಾರದೆ ಕೇಳಿಯೇಬಿಟ್ಟೆ. ಹನ್ನೆರಡು ವರ್ಷದ ಹೀರೋಗಿರಿ ಒಂದೇ ದಿನದಲ್ಲಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಗುಲಾಬಕ್ಕ ಕುರ್ಚಿ ಮುಂದೆಳೆದುಕೊಂಡರು. “ಆ ದಿನ ನಾನ್ ಕೂಕಂಡೆ, ಹೌದ್. ದಿನಾ ಕೂಕಂಬುಕ್ ಆತ್ತಾ? ಮಾರ್ನೇ ದಿನ ಜೆಸಿಬಿ ಬರ್ಲಿಲ್ಲಲ್ಲೆ, ಅದ್ ನಿಮ್ಮ್ ಕಾಗ್ದ.”

ಅಷ್ಟು ಸಾಕು. ಮುಂದೆ ಹೈಕೋರ್ಟು ಆ ನೋಟಿಸನ್ನೇ ರದ್ದು ಮಾಡಿತು. ಪ್ರತಿಯೊಬ್ಬರಿಗೂ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಆಮೇಲೆ ಕಾನೂನು ಪ್ರಕಾರ ತೀರ್ಮಾನ ಮಾಡಿ ಎಂದಿತು. ‘ಹೆಂಗಸರು ಅಲ್ಲೇ ಶಾಶ್ವತವಾಗಿ ಇರಲಿ’ ಎಂದು ಹೇಳಲಿಲ್ಲ. ‘ಕೇಳದೆ ಎಬ್ಬಿಸಬೇಡಿ’ ಎಂದಿತು. ಆಗ ನನಗೆ ಇದು ಅರ್ಧ ಗೆಲುವು ಅನಿಸಿತ್ತು. ಡೈರಿಯಲ್ಲಿ ‘ಇಷ್ಟೇನಾ?’ ಎಂದು ಬರೆದಿದ್ದೇನೆ. ಅಡಿಗೆರೆ ಇಲ್ಲ.

“ಅಂದ ಹಾಗೆ ಈ ಸಲದ ನೋಟಿಸ್ ಎಲ್ಲಿ?” ಎಂದೆ. ಅಭ್ಯಾಸಬಲದಿಂದ ಕಂಬಗಳ ಕಡೆ ಕಣ್ಣಾಡಿಸಿದೆ. ಆರೂ ಕಂಬ ತೊಳೆದ ಹಾಗೇ ಇದ್ದವು.

“ಅಲ್ಲ್ ಎಂತ ಕಾಂತ್ರಿ? ಇಕಾ.”

ಯಶೋದಾ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಅದರೊಳಗೆ ನಾಲ್ಕು ಮಡಿಕೆಯ ಕಾಗದ. ಬಿಡಿಸಿ ಓದಿದೆ. ಹೈವೇ ಅಗಲವಾಗುತ್ತಿರುವುದರಿಂದ ಮಾರುಕಟ್ಟೆಯ ಮುಂದಿನ ಸಾಲು ಹೋಗುವ ಸಂಭವವಿದೆ. ಬದಲಿ ಜಾಗದ ಬಗ್ಗೆ ‘ತಮ್ಮ ಅಹವಾಲನ್ನು ಖುದ್ದಾಗಿ ಕೇಳಲು’ ಮುಂದಿನ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಂಚಾಯ್ತಿ ಕಚೇರಿಯಲ್ಲಿ ಸಭೆ ಕರೆಯಲಾಗಿದೆ. ಮೇಲೆ ಯಶೋದಾಳ ಹೆಸರು. ಬ್ರಾಕೆಟ್ಟಿನಲ್ಲಿ ‘ಗುಲಾಬಿಯವರ ಕಲ್ಲು’.

ಬ್ರಾಕೆಟ್ಟಿನಲ್ಲಿ ಕಲ್ಲು! ಸರ್ಕಾರಿ ಕಾಗದದಲ್ಲಿ!

“ಇದನ್ನು ಹೇಗೆ ಕೊಟ್ಟರು?”

“ಕೈಯಂಗೇ ಕೊಟ್ರ್” ಎಂದಳು ಯಶೋದಾ. “ಒಬ್ಬೊಬ್ರಿಗೂ ಕೊಟ್ಟ್ ಸೈನ್ ತಕಂಡ್ರ್. ಆಚೆ ಕಲ್ಲಿನ ಸುಮತಿ ಬಾಣಂತಿ ಅಲ್ದಾ, ಅವ್ಳ್ ಮನೆಗೇ ಹೋಯಿ ಕೊಟ್ಟ್ ಬಂದ್ರಂಬ್ರ್.”

“ಕಂಬಕ್ ಅಂಟ್ಸುಕ್ ಅವ್ರಿಗ್ ಮರ್ಲಾ, ಹುಚ್ಚಾ?” ಗುಲಾಬಕ್ಕ ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂತರು. “ನಾನ್ ಇನ್ನೂ ಸತ್ತದ್ದಿಲ್ಲೆ. ತೊಳೂಕ್ ಕೈ ಇತ್ತ್.”

ಮಾಸಿಹೋದ ಅಕ್ಷರಗಳು ಎಲ್ಲಿ ಹೋದವು ಎಂದು ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡಿದ್ದೆ. ಇಲ್ಲಿ ಬಂದು ಕೂತಿದ್ದವು. ಹನ್ನೆರಡು ವರ್ಷದಲ್ಲಿ ಎಷ್ಟು ಸೆಕ್ರೆಟರಿಗಳು ಬದಲಾಗಿರಬಹುದು? ಈಗಿನವರಿಗೆ ಆ ಕೇಸಿನ ನಂಬರೂ ಗೊತ್ತಿರಲಿಕ್ಕಿಲ್ಲ. ಆದರೂ ನೋಟಿಸು ಕೈಗೆ ಬಂತು. ಬಾಣಂತಿಯ ಮನೆಗೂ ಹೋಯಿತು. ‘ಕೇಳದೆ ಎಬ್ಬಿಸಬೇಡಿ’ ಎಂಬ ಒಂದು ಸಾಲು ಆ ಕಚೇರಿಯ ಅಭ್ಯಾಸವಾಗಿಬಿಟ್ಟಿದೆ. ಇದು ಅರ್ಧ ಗೆಲುವೇ? ಡೈರಿಯ ಆ ‘ಇಷ್ಟೇನಾ’ವನ್ನು ಮನೆಗೆ ಹೋದ ಕೂಡಲೇ ಹೊಡೆದು ಹಾಕಿದೆ. (ಹಳೆಯ ಡೈರಿ ತಿದ್ದುವುದು ಅಪರಾಧ. ಪಕ್ಕದಲ್ಲಿ ತಿದ್ದಿದ ದಿನಾಂಕ ಬರೆದು ಸಹಿ ಹಾಕಿದ್ದೇನೆ.)

ಆದರೆ ಸಾಲು ಹೋಗುವ ಅಪಾಯ ಹೋಗಿಲ್ಲ. ಗುಲಾಬಕ್ಕನ ಕಲ್ಲು ಮುಂದಿನ ಸಾಲಿನಲ್ಲೇ ಇದೆ. ನನಗೆ ಭಯವಾಯಿತು. ನಾನೂ ಬರುತ್ತೇನೆ, ಒಂದು ಮನವಿ ಬರೆದುಕೊಡುತ್ತೇನೆ, ಸುಜಾತಾಳನ್ನು ಒಂದು ಮಾತು ಕೇಳುತ್ತೇನೆ, ಮೂಲ ಆದೇಶದ ಪ್ರತಿ ಅವಳ ಹತ್ತಿರ ಇದ್ದೇ ಇರುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ.

“ಆದೇಶ ಅವ್ಳ್ ಕಳ್ಸ್ಲಿ. ನೀವ್ ಬನ್ನಿ, ಬ್ಯಾಡ ಅಂಬುದಿಲ್ಲೆ. ಆರೆ ಹಿಂದೆ ಕೂಕಣಿ” ಎಂದರು ಗುಲಾಬಕ್ಕ. “ಅಹವಾಲ್ ನಮ್ದ್. ನಾವೇ ಹೇಳ್ತೊ. ಬಸ್ಸ್ ನಿಲ್ಲೂ ಜಾಗ ಬಿಟ್ಟ್ ಆಚೆ ಹೋಪವಲ್ಲ, ಬಸ್ ಸ್ಟ್ಯಾಂಡ್ ಹಿಂದೆ ಖಾಲಿ ಜಾಗ ಇತ್ತಲ್ಲೆ, ಅಲ್ಲಿ ಕೊಡಿ. ಕಲ್ಲ್ ಹೊತ್ಕಂಡ್ ಹೋಪ ಖರ್ಚ್ ಅವ್ರದ್ದೇ. ಎಂತ, ಸಮಾ ಇತ್ತಾ?”

ಸರಿಯಾಗಿತ್ತು. ಹತ್ತಕ್ಕೆ ಹತ್ತು.

ಆಮೇಲೆ ಬಂಗುಡೆ ರೇಟು ಕೇಳಿದೆ. ಯಶೋದಾ ಹೇಳಿದಳು. ನಾನು ಅರ್ಧಕ್ಕೆ ಕೇಳಿದೆ. ಹಿಂದಿನ ಕುರ್ಚಿಯಿಂದ ದನಿ ಬಂತು: “ಮಾಷ್ಟ್ರೇ, ಅಷ್ಟಕ್ಕೆ ಆ ಬಿಳಿ ಕಾಗ್ದದ ಮೇಲೆ ಬಂಗ್ಡೆ ಚಿತ್ರ ಬರ್ಕಣಿ.”

ಮನಸ್ಸು ತಂಪಾಯಿತು. ಪೂರ್ತಿ ರೇಟು ಕೊಟ್ಟೆ.

ಮಂಗಳವಾರ ಹನ್ನೊಂದು ಗಂಟೆಗೆ ಗುಲಾಬಿ ಮತ್ತು ಇತರರು ಮಾತಾಡಲಿದ್ದಾರೆ. ಪಂಚಾಯ್ತಿಯವರು ಒಳ್ಳೆಯ ವಕೀಲರನ್ನು ಇಟ್ಟುಕೊಂಡಿದ್ದಾರೆ ತಾನೇ?